ಮೋಟರ್ ಸುಡದಂತೆ ತಡೆದದ್ದು ಯಾವುದು?

ಬೇಸಿಗೆಯಲ್ಲಿ ವಿಜಯಪುರದ ದ್ರಾಕ್ಷಿ ತೋಟಗಳ ಕೊಳವೆಬಾವಿಗಳಲ್ಲಿ ನೀರು ತಳ ಸೇರುತ್ತದೆ. ನೀರು ಸಿಗದಿದ್ದರೂ ಪಂಪು ತಿರುಗುತ್ತಲೇ ಇದ್ದರೆ, ತಂಪು ಮಾಡುವ ನೀರಿಲ್ಲದೆ ಸಬ್‌ಮರ್ಸಿಬಲ್ ಮೋಟರಿನ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಟ್ಟುಹೋಗುತ್ತದೆ. ಇದನ್ನು ತಡೆಯುವ ಸಾಧನವೊಂದನ್ನು ಬೆಳಗಾವಿಯ ಉದ್ಯಮಬಾಗದ ಸಣ್ಣ ಕಾರ್ಖಾನೆಯೊಂದು ಕಟ್ಟಿತು ಎಂದಿಟ್ಟುಕೊಳ್ಳೋಣ. ಬಾವಿಯೊಳಗೆ ಸೆನ್ಸರ್ ಇಲ್ಲ. ಸ್ಟಾರ್ಟರ್ ಪೆಟ್ಟಿಗೆಯಲ್ಲಿರುವ ಚಿಪ್ ಮೂರೂ ಫೇಸ್‌ಗಳ ಕರೆಂಟನ್ನು ಅಳೆಯುತ್ತದೆ, ಅದರಲ್ಲಿರುವ ಪ್ರೋಗ್ರಾಂ ಮೋಟರನ್ನು ನಿಲ್ಲಿಸುತ್ತದೆ.

ಇದಕ್ಕೆ ಪೇಟೆಂಟ್ ಸಿಗುತ್ತದೆಯೇ? 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನ, ಅಲ್ಗಾರಿದಂ, ಬರಿಯ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. 3(ಎಚ್) ಕೃಷಿ ವಿಧಾನಗಳನ್ನೂ ಹೊರಗಿಡುತ್ತದೆ. ಹಾಗಾಗಿ ಎಲೆಕ್ಟ್ರಾನಿಕ್ಸ್ ಬಲ್ಲ ಪೇಟೆಂಟ್ ವಕೀಲರು ಮೊದಲು ಕೇಳುವುದು ಪ್ರೋಗ್ರಾಂನ ಸಾಲುಗಳನ್ನಲ್ಲ, ಯಂತ್ರದಲ್ಲಿ ಆದ ಬದಲಾವಣೆಯನ್ನು. ದೆಹಲಿ ಹೈಕೋರ್ಟ್ 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಬಾರದು, ಅದರಿಂದಾಗುವ ತಾಂತ್ರಿಕ ಪರಿಣಾಮವನ್ನು ನೋಡಬೇಕು. ಪರಿಣಾಮವೇ ಇಲ್ಲದಿದ್ದರೆ ಎಷ್ಟು ಚೆಂದದ ಭಾಷೆಯೂ ಅರ್ಜಿಯನ್ನು ಉಳಿಸದು, ಉಳಿಸಲೂಬಾರದು.

ನಿಜವಾದ ಕಸುಬು ಶುರುವಾಗುವುದು ಆಮೇಲೆ. ನೀರೆತ್ತುವ ಹೊರೆ ಇಲ್ಲವಾದಾಗ ಕರೆಂಟು ಇಳಿಯುತ್ತದೆ, ಅದನ್ನು ಗುರುತಿಸಿ ಮೋಟರ್ ನಿಲ್ಲಿಸುವುದು ಹಳೆಯ ಉಪಾಯ. ಹಳ್ಳಿಯ ಫೀಡರಿನಲ್ಲಿ ವೋಲ್ಟೇಜ್ ಏರಿಳಿದಾಗಲೂ ಕರೆಂಟು ಬದಲಾಗುವುದರಿಂದ ಆ ಸಾಧನಗಳು ನೀರಿದ್ದಾಗಲೂ ಮೋಟರ್ ನಿಲ್ಲಿಸಿಬಿಡಬಹುದು. ನಮ್ಮ ಸಾಧನ ಪಂಪಿನ ಸಹಜ ಕರೆಂಟನ್ನು ದಾಖಲಿಸಿಕೊಂಡು, ವೋಲ್ಟೇಜಿಗೆ ತಕ್ಕಂತೆ ಮಿತಿಯನ್ನು ತಾನೇ ಸರಿಸಿಕೊಳ್ಳುತ್ತದೆ ಎನ್ನಿ. ಹಳೆಯ ದಾಖಲೆಗಳಲ್ಲಿ ಇದು ಇಲ್ಲದಿದ್ದರೆ, ಹೊಸತನ ಇರುವುದು ಇಲ್ಲಿಯೇ. ಅರ್ಜಿಯ ಕೊನೆಯಲ್ಲಿ ಬರುವ ಕ್ಲೇಮ್‌ಗಳು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಹೇಳುವ ವಾಕ್ಯಗಳು, ಈ ಜಾಗಕ್ಕೆ ಬೇಲಿ ಹಾಕುತ್ತವೆ. ಚಿಪ್ಪಿನ ಮಾದರಿಯನ್ನು ಹೆಸರಿಸಿ ಬರೆದರೆ ಎದುರಾಳಿ ಬೇರೆ ಚಿಪ್ ಹಾಕಿ ನುಣುಚಿಕೊಳ್ಳುತ್ತಾನೆ. ‘ಮೋಟರ್ ಕಾಯುವ ಸಾಧನ’ ಎಂದಷ್ಟೇ ಬರೆದರೆ ಹಳೆಯ ಸಾಧನಗಳೆಲ್ಲ ಒಳಗೆ ಬಂದು ಕ್ಲೇಮೇ ಬಿದ್ದುಹೋಗುತ್ತದೆ. ಈ ಅಂತರವನ್ನು ಅಳೆಯಲು ಸರ್ಕಿಟ್ ಗೊತ್ತಿರಬೇಕು. ಇಂಥ ಅರ್ಜಿಗಳನ್ನು ಬರೆದು ನಡೆಸುವ ಪೇಟೆಂಟ್ ಏಜೆಂಟ್ ಆಗಿ ನೋಂದಾಯಿಸಿಕೊಳ್ಳಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಕಡ್ಡಾಯವಾಗಿರುವುದು ಸರಿಯೇ.

ನನ್ನನ್ನು ನೋಯಿಸುವ ಸಂಗತಿ ಇನ್ನೊಂದಿದೆ. ನಮ್ಮ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟನ್ನು ಮೊದಲು ಎಲ್ಲರೆದುರು ತೋರಿಸಿ, ವಿಡಿಯೋ ಹಾಕಿ, ಪೇಟೆಂಟನ್ನು ಆಮೇಲೆ ನೆನೆಯುತ್ತಾರೆ. ಅರ್ಜಿಗೆ ಮೊದಲೇ ಬಹಿರಂಗವಾದದ್ದು ಸಾಮಾನ್ಯವಾಗಿ ಹೊಸದಲ್ಲ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಂಥ ಕೆಲವಕ್ಕೆ ವಿನಾಯಿತಿ ಇದೆ, ಕಾಲೇಜಿನ ಪ್ರದರ್ಶನ ತಾನಾಗಿಯೇ ಆ ಪಟ್ಟಿಗೆ ಸೇರುವುದಿಲ್ಲ. ಕೆಲಸ ಪೂರ್ತಿಯಾಗದಿದ್ದರೂ ತಾತ್ಕಾಲಿಕ ವಿವರಣೆ (ಪ್ರಾವಿಷನಲ್ ಸ್ಪೆಸಿಫಿಕೇಷನ್) ಸಲ್ಲಿಸಿ ಅರ್ಜಿಯ ದಿನಾಂಕ ಹಿಡಿದಿಟ್ಟುಕೊಳ್ಳಬಹುದು. ಸಂಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶವಿದೆ. ಪೇಟೆಂಟ್ ಸಿಕ್ಕರೆ ಅವಧಿ ಅರ್ಜಿಯ ದಿನದಿಂದ 20 ವರ್ಷ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರಿದರೂ ಸಲ್ಲಿಕೆ ಆನ್‌ಲೈನ್‌ನಲ್ಲೇ ಆಗುತ್ತದೆ, ಬೆಳಗಾವಿಯಲ್ಲೇ ಕುಳಿತು ಕಳಿಸಬಹುದು. ವಕೀಲರ ಬಳಿ ಹೋಗುವಾಗ ಸರ್ಕಿಟ್ ನಕ್ಷೆಯ ಜೊತೆ ಕೈಕೊಟ್ಟ ಪ್ರಯೋಗಗಳ ಅಳತೆಗಳನ್ನೂ ಒಯ್ಯಿರಿ. ಹಳೆಯ ಉಪಾಯ ಎಲ್ಲಿ ಸೋತಿತು ಎಂಬುದನ್ನು ಅವರು ಅವುಗಳಿಂದಲೇ ತೋರಿಸಬಲ್ಲರು.