ಏಳು ಸೆಕೆಂಡಿನ ಡ್ರಮ್ಸ್

ರೆಕಾರ್ಡಿಂಗ್ ಕಲಿಯಲು ಬಂದವರಿಗೆ ಮೊದಲ ದಿನ ನಾನು ಮೈಕ್ ಮುಟ್ಟಲು ಬಿಡುವುದಿಲ್ಲ. 'ಅಮೆನ್, ಬ್ರದರ್' ಹಾಕಿ ಕೂರಿಸುತ್ತೇನೆ. ಹಾಡುಗಾರಿಕೆಯಿಲ್ಲದ ವಾದ್ಯಸಂಗೀತ. ಅರ್ಧ ದಾಟಿದ ಮೇಲೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಸ್ ಮಾತ್ರ ಉಳಿಯುತ್ತದೆ. ನಾಲ್ಕು ಆವರ್ತ, ಸುಮಾರು ಏಳು ಸೆಕೆಂಡು.

ವಾಷಿಂಗ್ಟನ್ನಿನ 'ದ ವಿನ್‌ಸ್ಟನ್ಸ್' ತಂಡ 1969ರಲ್ಲಿ ಹೊರತಂದ ರೆಕಾರ್ಡಿನ ಹಿಂಬದಿ ಇದು. ಮುಂಬದಿಯ 'ಕಲರ್ ಹಿಮ್ ಫಾದರ್' ಗ್ರ್ಯಾಮಿ ಪಡೆಯಿತು. ಹಿಂಬದಿಯಲ್ಲಿ ಡ್ರಮ್ಸ್ ನುಡಿಸಿದವರು ಗ್ರೆಗರಿ ಕೋಲ್ಮನ್.

ಗಮನವಿಟ್ಟು ಕೇಳಿ. ಮೊದಲೆರಡು ಆವರ್ತಗಳಲ್ಲಿ ಒಂದೇ ನಡೆ. ಮೂರನೆಯದರಲ್ಲಿ ಸ್ನೇರ್‌ನ, ಅಂದರೆ ಚುರುಕಾಗಿ ಸಿಡಿಯುವ ಚಿಕ್ಕ ಡ್ರಮ್ಮಿನ, ಕೊನೆಯ ಪೆಟ್ಟು ಅರ್ಧ ಎಣಿಕೆ ತಡವಾಗಿ ಬೀಳುತ್ತದೆ. ನಾಲ್ಕನೆಯದರ ಸಮಕ್ಕೆ ಕಿಕ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು, ಇಲ್ಲವೇ ಇಲ್ಲ; ಕಾಲು ತಾನಾಗಿ ನೆಲ ಹುಡುಕುತ್ತದೆ. ಅಷ್ಟರಲ್ಲಿ ಕ್ರ್ಯಾಶ್ ಎಂಬ ಕಂಚಿನ ತಟ್ಟೆ ನಾವೆಣಿಸಿದ್ದಕ್ಕಿಂತ ಮುಂಚೆಯೇ ಸಿಡಿಯುತ್ತದೆ. ದೊಡ್ಡ ಪೆಟ್ಟುಗಳ ನಡುವೆ ಸ್ನೇರ್ ಮೇಲೆ ಸಣ್ಣ ಸಣ್ಣ ಮೆಲುಪೆಟ್ಟುಗಳು. ಒಂದರಂತೆ ಇನ್ನೊಂದಿಲ್ಲ.

1986ರಲ್ಲಿ ಡಿಜೆಗಳಿಗಾಗಿ ಬಂದ 'ಅಲ್ಟಿಮೇಟ್ ಬ್ರೇಕ್ಸ್ ಆ್ಯಂಡ್ ಬೀಟ್ಸ್' ಸಂಕಲನದಲ್ಲಿ ಇದು ಸೇರಿತು. 1988ರ 'ಸ್ಟ್ರೇಟ್ ಔಟಾ ಕಾಂಪ್ಟನ್' ಎಂಬ ರ‍್ಯಾಪ್ ಹಾಡಿನ ಕೆಳಗೆ ಓಡುತ್ತಿರುವುದೂ ಇದೇ. ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಹುಡುಗರು ಸ್ಯಾಂಪ್ಲರಿನಲ್ಲಿ (ಧ್ವನಿಯ ತುಣುಕು ಹಿಡಿದಿಟ್ಟು ಬೇಕಾದಂತೆ ನುಡಿಸುವ ಯಂತ್ರ) ಇದರ ವೇಗ ಏರಿಸಿ, ಒಂದೊಂದು ಪೆಟ್ಟನ್ನೂ ಕತ್ತರಿಸಿ, ಕ್ರಮ ತಿರುವುಮುರುವು ಮಾಡಿ ಜೋಡಿಸಿದರು. ಜಂಗಲ್, ಡ್ರಮ್ ಆ್ಯಂಡ್ ಬೇಸ್ ಎಂಬ ವೇಗದ ನೃತ್ಯಸಂಗೀತ ಪ್ರಕಾರಗಳು ಬೆಳೆದದ್ದು ಹಾಗೆ. ಎಷ್ಟು ಚೂರು ಮಾಡಿದರೂ ಇದು ಒಡೆದಂತೆ ಕೇಳದಿರಲು ಕಾರಣ ರೈಡ್ ಸಿಂಬಲ್, ಅಂದರೆ ಲಯ ಹಿಡಿದು ಸತತವಾಗಿ ಬಾರಿಸುವ ಕಂಚಿನ ತಟ್ಟೆ, ಎಂಬುದು ನನ್ನ ಅನುಭವ. ಅದರ ಝೇಂಕಾರ ಪ್ರತಿ ಚೂರಿನಲ್ಲೂ ಸ್ವಲ್ಪ ಸ್ವಲ್ಪ ಅಂಟಿಕೊಂಡಿರುತ್ತದೆ, ಅಂಟಿನ ಕೆಲಸ ಅದೇ ಮಾಡುತ್ತದೆ.

ಸಾವಿರಾರು ಹಾಡುಗಳಿಗೆ ಬಳಕೆಯಾದ ಈ ನುಡಿಸಾಣಿಕೆಯಿಂದ ಕೋಲ್ಮನ್‌ಗೆ ರಾಯಧನ ಸಿಗಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ, ಮನೆಮಠವಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು. ಹಕ್ಕುದಾರರಾಗಿದ್ದ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ಈ ಬಳಕೆಯ ಸುದ್ದಿ ತಲುಪಿದ್ದೇ 1996ರಲ್ಲಿ. 2015ರಲ್ಲಿ ಬ್ರಿಟಿಷ್ ಡಿಜೆಗಳು ಚಂದಾ ಎತ್ತಿ ಅವರಿಗೆ 24,000 ಪೌಂಡ್ ಕೊಟ್ಟರು. ಡ್ರಮ್ಸ್ ನುಡಿಸಿದ ಕೈಗೆ ಅದೂ ಇಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಕಳೆದ ತಿಂಗಳು ಒಬ್ಬ ತಮಟೆ ಕಲಾವಿದರ ವಾದನವನ್ನು ರೆಕಾರ್ಡ್ ಮಾಡಿದೆವು. ಸಹಾಯಕ ಹುಡುಗ ಫೈಲಿಗೆ 'ತಮಟೆ ಲೂಪ್ 3' ಎಂದು ಹೆಸರಿಟ್ಟಿದ್ದ; ಲೂಪ್ ಎಂದರೆ ಮತ್ತೆ ಮತ್ತೆ ತಿರುಗಿಸಿ ಬಳಸುವ ತುಣುಕು. ಅಳಿಸಿ ಅವರ ಪೂರ್ತಿ ಹೆಸರು, ಊರು, ತಾರೀಖು ಬರೆಸಿದೆ. ಮತ್ತೆ ಬಳಸಿದರೆ ಬೇರೆ ಸಂಭಾವನೆ ಎಂಬ ಸಾಲು ಕರಾರಿಗೆ ಸೇರಿ, ಎರಡೂ ಕಡೆಯ ಸಹಿ ಬಿದ್ದ ಮೇಲೆಯೇ ಮಿಕ್ಸಿಂಗ್‌ಗೆ ಕೂತೆವು.