ಬಿಪಿ ಅಪ್ಪನಿಗೆ, ಉಪ್ಪಿನ ಡಬ್ಬಿ ಅಮ್ಮನ ಕೈಯಲ್ಲಿ

ಹಾಸನದ ಆಸ್ಪತ್ರೆಗಳಿಗೆ ರೋಗಿ ಒಬ್ಬರೇ ಬರುವುದು ಕಮ್ಮಿ. ಆಲೂರಿಂದಲೋ ಅರಕಲಗೂಡಿಂದಲೋ ಬಸ್ ಹತ್ತಿದವರ ಜೊತೆ ಹೆಂಡತಿಯೋ ಮಗನೋ ಇದ್ದೇ ಇರುತ್ತಾರೆ. ಅವರಿಗೆ ಸಿಗುವ ಕೆಲಸ ಏನು? ಚೀಟಿ ಮಾಡಿಸುವುದು, ಮಾತ್ರೆ ತರುವುದು, ಹೊರಗೆ ಕಾಯುವುದು.

ಬಿಪಿಯನ್ನೇ ತಗೊಳ್ಳಿ. ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಾಕ್ಟರು ಅದನ್ನು ಯಜಮಾನರಿಗೆ ಹೇಳುತ್ತಾರೆ. ಸಾರಿಗೆ ಉಪ್ಪು ಹಾಕುವವರು ಬಾಗಿಲಾಚೆ ಬೆಂಚಿನ ಮೇಲೆ ಕೂತಿರುತ್ತಾರೆ! ಅವರು ಒಳಗಿದ್ದಿದ್ದರೆ ಉಪ್ಪಿನಕಾಯಿ, ಹಪ್ಪಳದ ಮಾತೂ ಬರುತ್ತಿತ್ತು. ಒಬ್ಬರಿಗಾಗಿ ಬೇರೆ ಸಾರು ಮಾಡುವುದು ಎಷ್ಟು ದಿನ ನಡೆದೀತು ಎಂಬುದೂ ಗೊತ್ತಾಗುತ್ತಿತ್ತು.

ಮನೆಯ ಪ್ರಭಾವ ಅಡುಗೆಗಷ್ಟೇ ಅಲ್ಲ. 1972ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು ಮನೆಗೆ ಮರಳಿದವರ ಬಗ್ಗೆ ಲಂಡನ್ನಿನಲ್ಲಿ ನಡೆಸಿದ ಅಧ್ಯಯನ ಪ್ರಕಟಿಸಿದರು. ಸದಾ ಟೀಕೆ, ಸಿಡುಕು, ಅತಿಯಾದ ಕಾಳಜಿ ಇದ್ದ ಮನೆಗಳಲ್ಲಿ ಒಂಬತ್ತು ತಿಂಗಳೊಳಗೆ ಶೇ 58 ಜನರಿಗೆ ಕಾಯಿಲೆ ಮರುಕಳಿಸಿತ್ತು. ಉಳಿದ ಮನೆಗಳಲ್ಲಿ ಶೇ 16. ಹಾಗಂತ ಕಾಯಿಲೆಗೆ ಮನೆಯವರೇ ಕಾರಣ ಅಂತಲ್ಲ. ದಿನವಿಡೀ ನೋಡಿಕೊಂಡು ಸುಸ್ತಾದವರು ಸಿಡುಕುವುದು ಸಹಜ ಅಲ್ವಾ? ಅವರಿಗೆ ಕಾಯಿಲೆ ಏನೆಂದು ತಿಳಿಸಿ, ನಿಭಾಯಿಸುವುದನ್ನು ಕಲಿಸಿದರೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿವೆ.

ಇದನ್ನೆಲ್ಲ ಡಾಕ್ಟರಾಗುವವರಿಗೆ ಕಲಿಸುವುದು ಹೇಗೆ? ನಮ್ಮಲ್ಲಿ ಈಗ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ಪಡೆದು ಕೆಲವು ವರ್ಷ ಹೋಗಿಬರಬೇಕು. ಹಾಸನ, ಚಿಕ್ಕಮಗಳೂರಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೂ ಇದೇ ನಿಯಮ. ಒಳ್ಳೆಯದೇ. ಆದರೆ ಸುಮ್ನೆ ಬಿಪಿ, ಶುಗರ್ ಬರೆದುಕೊಂಡು ಬಂದರೆ ಅದು ಜನಗಣತಿ ಆಗುತ್ತದೆ. ಮಾತ್ರೆ ನೆನಪಿಸುವವರು ಯಾರು, ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು, ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಅಜ್ಜಿಯನ್ನು ನೋಡಿಕೊಳ್ಳುವವರು ಯಾರು? ಇವನ್ನು ಕೇಳಲು ಅಭ್ಯಾಸ ಬೇಕು.

ಕೆಲವೊಮ್ಮೆ ಮನೆಯವರನ್ನು ಆಚೆ ಕಳಿಸುವುದನ್ನೂ ಕಲಿಯಬೇಕು. ಸೊಸೆಯ ಹೊಟ್ಟೆನೋವನ್ನು ಅತ್ತೆಯೇ ವಿವರಿಸುತ್ತಿದ್ದರೆ, ಸೊಸೆಯ ಜೊತೆ ಐದು ನಿಮಿಷ ಒಬ್ಬರೇ ಮಾತಾಡಬೇಕು.

ತರಬೇತಿ ಎಂದರೆ ಡಾಕ್ಟರುಗಳೇ ನೆನಪಾಗುತ್ತಾರೆ. ನನಗೆ ಕೇಳಿದರೆ ನರ್ಸುಗಳಿಂದ ಶುರುಮಾಡಬೇಕು. ಡಿಸ್ಚಾರ್ಜ್ ದಿನ ಇನ್ಸುಲಿನ್ ಚುಚ್ಚುವುದನ್ನು ಮನೆಯವರಿಗೆ ಹೇಳಿಕೊಡುವವರು ಹೆಚ್ಚಾಗಿ ಅವರೇ. ‘ಗೊತ್ತಾಯ್ತಾ?’ ಅಂದರೆ ಎಲ್ಲರೂ ‘ಹೂಂ’ ಅಂತಾರೆ. ‘ಎಲ್ಲಿ, ಒಂದ್ಸಲ ನೀವೇ ಮಾಡಿ ತೋರಿಸಿ’ ಅಂದಾಗ ಸಿರಿಂಜ್ ಹಿಡಿದ ಮಗ ಎಲ್ಲಿ ತಡವರಿಸುತ್ತಾನೆ ಎಂದು ಅಲ್ಲೇ ಕಾಣುತ್ತದೆ.