ಸೆಂಡರ್ ಏನನ್ನೂ ಕಳಿಸುವುದಿಲ್ಲ

ಹಳೇ ಕಾರಿನ ಕೈಪಿಡಿಯೊಂದರ ಕನ್ನಡ ಅನುವಾದ ಮೊನ್ನೆ ಕೈಗೆ ಸಿಕ್ಕಿತು. ಯಂತ್ರ ಮಾಡಿದ ಅನುವಾದ ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತಿತ್ತು. ಒಂದು ಕಡೆ ಹೀಗಿತ್ತು: ‘ಬ್ಯಾಟರಿ ಕಳಚಿ, ಕಳುಹಿಸುವವರನ್ನು ಟ್ಯಾಂಕಿನಿಂದ ಹೊರತೆಗೆಯಿರಿ.’ ಪಾಪ, ಎಷ್ಟು ವರ್ಷದಿಂದ ಒಳಗಿದ್ದರೋ.

ಮೂಲದಲ್ಲಿದ್ದ ಪದ ಸೆಂಡರ್, ಟ್ಯಾಂಕಿನಲ್ಲಿ ಕೂತು ಪೆಟ್ರೋಲ್ ಮಟ್ಟವನ್ನು ಡ್ಯಾಶ್‌ಬೋರ್ಡಿನ ಮುಳ್ಳಿಗೆ ತಿಳಿಸುವ ಭಾಗ. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದೇ ವಾರ ಗೆಳೆಯರೊಬ್ಬರು ‘ಫ್ಯುಯೆಲ್ ಸೆನ್ಸರ್ ಹೋಗಿದೆ’ ಅಂದರು. ಇನ್ನೊಬ್ಬರು ‘ಗೇಜ್ ಹೋಗಿದೆ’ ಅಂತ ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಗೇಜ್ ಹಾಕಿದರು. ಮುಳ್ಳು ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಇಬ್ಬರ ತಕರಾರೂ ಇದ್ದದ್ದು ಸೆಂಡರ್ ಕಡೆಯಲ್ಲಿ. ಯಂತ್ರವನ್ನು ಬೈಯುವುದು ಸುಲಭ, ನಾವೇನು ಕಮ್ಮಿ?

ಗೇಜ್ ಅಂದರೆ ಕಣ್ಣಿಗೆ ಕಾಣುವುದು, ಡ್ಯಾಶ್‌ಬೋರ್ಡಿನ ಮುಳ್ಳು. ಹಳೆಯ ಫ್ರೆಂಚಿನಲ್ಲಿ ಈ ಪದಕ್ಕೆ ಅಳತೆಕೋಲು ಎಂಬ ಅರ್ಥವಿತ್ತು. ಬ್ರಾಡ್ ಗೇಜ್, ಮೀಟರ್ ಗೇಜ್ ಅನ್ನುವಾಗ ಇರುವ ಗೇಜೂ ಇದೇ. ಫೋರ್ಡ್ ಮಾಡೆಲ್ ಟಿಯಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ನೋಡಲು ಸೀಟು ಎತ್ತಿ ಟ್ಯಾಂಕಿಗೆ ಕೋಲು ಇಳಿಸಬೇಕಿತ್ತು. ಪದದ ಮೂಲ ಅರ್ಥಕ್ಕೆ ಅಷ್ಟು ನಿಯತ್ತಾಗಿದ್ದ ಗೇಜ್ ಮತ್ತೆ ಬರಲಿಲ್ಲ. ಮುಂದೆ ಬಂದ ಮಾಡೆಲ್ ಎಯಲ್ಲಿ ಟ್ಯಾಂಕ್ ಡ್ಯಾಶ್‌ಬೋರ್ಡಿನ ಹಿಂದೆಯೇ ಇತ್ತು. ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಮೇಲೆ ಕೆಳಗೆ ಆದ ಹಾಗೆ ಗುರುತೂ ತಿರುಗುತ್ತಿತ್ತು. ವೈರಿಲ್ಲ, ಸೆಂಡರೂ ಇಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ 1962ರಿಂದ 1967ರವರೆಗಿನ ಮಾದರಿಗಳಲ್ಲಿ ಫ್ಲೋಟಿನಿಂದ ಗೇಜಿಗೆ ಒಂದು ಕೇಬಲ್ ಎಳೆದಿದ್ದರು, ಅಷ್ಟೇ. ಅಂದರೆ ಸೆಂಡರ್ ಇಲ್ಲದೆಯೂ ಗೇಜ್ ಇರಬಹುದು. ಎರಡೂ ಒಂದೇ ಅನ್ನುವವರು ಇಷ್ಟಾದರೂ ಒಪ್ಪಬೇಕು.

ಇನ್ನು ಸೆನ್ಸರ್. (ಸೆನ್ಸಾರ್ ಬೇರೆ, ಅದು ಸಿನಿಮಾಕ್ಕೆ ಕತ್ತರಿ ಹಾಕುವುದು. ಅದನ್ನೂ ಕಾರಿನೊಳಗೆ ತುರುಕಿದವರನ್ನು ಕಂಡಿದ್ದೇನೆ.) ಸೆನ್ಸರ್ ಬಂದದ್ದು ಲ್ಯಾಟಿನ್ನಿನ ‘ಅರಿ, ಗ್ರಹಿಸು’ ಎಂಬ ಧಾತುವಿನಿಂದ. ಸೆಂಡರ್ ಅಪ್ಪಟ ಹಳೆಯ ಇಂಗ್ಲಿಷಿನ ‘ಕಳಿಸು’ ಎಂಬ ಕ್ರಿಯಾಪದದಿಂದ. ನಮ್ಮ ಬಾಯಲ್ಲಿ ಎರಡೂ ಒಂದೇ ಥರ ಕೇಳುತ್ತವೆ, ಎಡವಟ್ಟು ಶುರುವಾಗುವುದೇ ಅಲ್ಲಿ. ಪೆಟ್ರೋಲ್ ಮಟ್ಟ ಅರಿಯುವುದರಿಂದ ಸೆಂಡರೂ ಒಂದು ಬಗೆಯ ಸೆನ್ಸರ್ ತಾನೇ ಅಂತ ವಾದ ಮಾಡಬಹುದು. ಮಾಡಿ, ಬೇಡ ಅನ್ನಲ್ಲ. ಆದರೆ ಇವತ್ತಿನ ಕಾರಿನಲ್ಲಿ ಸೆನ್ಸರ್ ಕೊಟ್ಟ ಲೆಕ್ಕವನ್ನು ಓದಲು ನಡುವೆ ಒಂದು ಕಂಪ್ಯೂಟರ್ ಇರುತ್ತದೆ. ಹಳೇ ಕಾರಿನಲ್ಲಿ ಹಾಗೆ ಓದುವವರು ಯಾರೂ ಇಲ್ಲ. ಸೆಂಡರ್ ಮತ್ತು ಗೇಜ್ ಒಂದೇ ಸರ್ಕ್ಯೂಟಿನ ಎರಡು ತುದಿ. ಒಂದು ಸುಳ್ಳಾಡಿದರೆ ತಿದ್ದಲು ಮೂರನೆಯವರಿಲ್ಲ.

ಸರಿ, ಸೆಂಡರ್ ಏನು ಕಳಿಸುತ್ತದೆ? ಏನನ್ನೂ ಇಲ್ಲ. ಕರೆಂಟ್ ಬರುವುದು ಬ್ಯಾಟರಿಯಿಂದ. ಇಗ್ನಿಷನ್ ದಾಟಿ, ಗೇಜ್ ದಾಟಿ, ವೈರಿನಲ್ಲಿ ಹಿಂದಕ್ಕೆ ಬಂದು, ಕೊನೆಗೆ ಸೆಂಡರ್ ಮೂಲಕ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಇಳಿಯುತ್ತದೆ. ಸೆಂಡರ್ ಒಳಗೆ ಸುತ್ತಿದ ತೆಳು ತಂತಿಯ ಒಂದು ಪಟ್ಟಿ, ಅದರ ಮೇಲೆ ಜಾರುವ ಒಂದು ತಗಡಿನ ನಾಲಿಗೆ, ಆ ನಾಲಿಗೆಗೆ ಕಟ್ಟಿದ ಫ್ಲೋಟ್. ಫ್ಲೋಟ್ ಏರಿಳಿದ ಹಾಗೆ ಕರೆಂಟಿಗೆ ತಡೆ ಜಾಸ್ತಿ ಕಮ್ಮಿ ಆಗುತ್ತದೆ. ಕೆರೆಯ ತೂಬು ಇದ್ದ ಹಾಗೆ. ತೂಬು ನೀರು ಹುಟ್ಟಿಸುವುದಿಲ್ಲ, ಎಷ್ಟು ಹರಿಯಬೇಕು ಅಂತ ನೋಡಿಕೊಳ್ಳುತ್ತದೆ.

ಹಾಗಾಗಿ ಈ ಹೆಸರೇ ಸುಳ್ಳು ಅಂತ ಬಹಳ ಕಾಲ ಗೊಣಗಿದ್ದೇನೆ. ಆಮೇಲೆ ತಂತಿ ಆಫೀಸಿನ ನೆನಪಾಯಿತು. ಟೆಲಿಗ್ರಾಫಿನಲ್ಲಿ ಸಂದೇಶ ಕಳಿಸುವ ಉಪಕರಣಕ್ಕೂ ಸೆಂಡರ್ ಅನ್ನುತ್ತಿದ್ದರು. ‘ಕಟ್ಟು ಕಡ’ ಅಂತ ಸದ್ದು ಮಾಡುವ ಆ ಕೀಲಿಯೂ ಕರೆಂಟ್ ಹುಟ್ಟಿಸುತ್ತಿರಲಿಲ್ಲ, ಬ್ಯಾಟರಿಯ ಕರೆಂಟನ್ನು ಕೂಡಿಸಿ ಬಿಡಿಸುತ್ತಿತ್ತು. ಕಳಿಸುತ್ತಿದ್ದದ್ದು ಸುದ್ದಿಯನ್ನು. ಟ್ಯಾಂಕಿನ ಸೆಂಡರ್ ಮಾಡುವುದೂ ಅದನ್ನೇ. ಹೆಸರನ್ನು ಕ್ಷಮಿಸಿದ್ದೇನೆ. ಆದರೂ ಬ್ರಿಟಿಷ್ ಕೈಪಿಡಿಗಳ ‘ಟ್ಯಾಂಕ್ ಯೂನಿಟ್’ ಎಂಬ ಹೆಸರು ಇದಕ್ಕಿಂತ ವಾಸಿ. ಎಲ್ಲಿದೆ ಅಂತಾದರೂ ಹೇಳುತ್ತದಲ್ಲ.

ಎರಡೂ ಒಂದೇ ಸರ್ಕ್ಯೂಟ್ ಅನ್ನುವುದು ಬಿಟ್ಟುಹೋದರೆ ದುಡ್ಡು ದಂಡ. ಜನರಲ್ ಮೋಟಾರ್ಸ್‌ನವರು 1960ರ ದಶಕದ ನಡುವಿನಿಂದ ಹೆಚ್ಚಾಗಿ ಬಳಸಿದ ಸೆಂಡರಿನ ತಡೆ ಖಾಲಿಗೆ 0, ತುಂಬಿದಾಗ 90 ಓಮ್ (ಓಮ್ ಅಂದರೆ ತಡೆಯ ಅಳತೆ). ಹಳೆಯ ಫೋರ್ಡ್, ಕ್ರೈಸ್ಲರ್‌ಗಳಲ್ಲಿ ಉಲ್ಟಾ: ಖಾಲಿಗೆ 73ರ ಆಸುಪಾಸು, ತುಂಬಿದಾಗ 10ರ ಹತ್ತಿರ. ‘ಯುನಿವರ್ಸಲ್’ ಅಂತ ಮಾರುವ ಸೆಂಡರ್‌ಗಳಲ್ಲಿ ಎಷ್ಟೋ ಖಾಲಿಗೆ 240, ತುಂಬಿದಾಗ 33. ಇದನ್ನು 0–90ರ ಗೇಜಿಗೆ ಜೋಡಿಸಿದರೆ ಏನಾಗುತ್ತದೆ ನೋಡಿ. ಟ್ಯಾಂಕ್ ಒಣಗಿರುವಾಗ ಮುಳ್ಳು ‘ಎಫ್’ ದಾಟಿ ನಿಲ್ಲುತ್ತದೆ. ಕಂಠಪೂರ್ತಿ ತುಂಬಿಸಿದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಯುನಿವರ್ಸಲ್ ಅಂದರೆ ಎಲ್ಲ ಟ್ಯಾಂಕಿಗೂ ಕೂರುತ್ತದೆ ಅಂತ, ಎಲ್ಲ ಗೇಜಿಗೂ ಹೊಂದುತ್ತದೆ ಅಂತಲ್ಲ.

ತಪ್ಪು ಯಾರದು ಅಂತ ನೋಡಲು ಒಂದು ಹಳೇ ಉಪಾಯವಿದೆ. ಸೆಂಡರ್ ವೈರ್ ಕಳಚಿ ಒಂದು ಕ್ಷಣ ಬಾಡಿಗೆ ಮುಟ್ಟಿಸಿ. ಫೋರ್ಡ್ ಥರದ ಗೇಜಿನಲ್ಲಿ ಮುಳ್ಳು ‘ಎಫ್’ ಕಡೆ ಏಳಬೇಕು. 0–90ರದ್ದಾದರೆ ‘ಇ’ಗೆ ಬೀಳಬೇಕು. ಹಾಗಾದರೆ ಗೇಜೂ ವೈರೂ ಸರಿಯಿವೆ. ಹಿಡಿದುಕೊಂಡೇ ಇರಬೇಡಿ. ಬಿಸಿಯಿಂದ ಬಾಗುವ ಲೋಹದ ಪಟ್ಟಿಯ ಗೇಜ್ ಆಗಿದ್ದರೆ ಸುಟ್ಟೀತು. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಹಾರಿಸಬೇಡಿ ಅಂತ ಬೇರೆ ಹೇಳಬೇಕೆ? ಪೆಟ್ರೋಲ್ ಮುಳ್ಳಿನ ಜೊತೆ ಟೆಂಪರೇಚರ್ ಮುಳ್ಳೂ ಒಟ್ಟಿಗೆ ಕುಣಿಯುತ್ತಿದ್ದರೆ ಸೆಂಡರನ್ನು ಬಿಡಿ, ಎರಡಕ್ಕೂ ಕರೆಂಟ್ ಹದ ಮಾಡುವ ವೋಲ್ಟೇಜ್ ಸ್ಟೆಬಿಲೈಸರ್ ನೋಡಿ.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಕೆಟ್ಟಿದ್ದೇನೆ. ಟ್ಯಾಂಕ್ ಬಿಚ್ಚಿ, ತುಕ್ಕು ಕೆರೆದು, ಎರಡು ಕೋಟ್ ಕಪ್ಪು ಬಣ್ಣ ಬಳಿದು, ಹೊಸ ರಬ್ಬರ್ ಗ್ಯಾಸ್ಕೆಟ್ ಹಾಕಿ ಸೆಂಡರ್ ಕೂರಿಸಿದೆ. ಮುಳ್ಳು ‘ಇ’ ಬಿಟ್ಟು ಏಳಲಿಲ್ಲ. ಸೆಂಡರ್ ಸತ್ತಿತು ಅಂತ ಇನ್ನೊಂದು ತಂದೆ. ಅದೂ ಏಳಲಿಲ್ಲ. ಟ್ಯಾಂಕಿಗೂ ಬಾಡಿಗೂ ನಡುವೆ ನಾನೇ ಚೆಂದಕ್ಕೆ ಬಳಿದ ಬಣ್ಣ ಕೂತಿತ್ತು, ಕರೆಂಟ್ ಇಳಿಯಲು ದಾರಿಯೇ ಇರಲಿಲ್ಲ. ಅರ್ಥ ಗೊತ್ತಿತ್ತು, ಅರ್ಥಿಂಗ್ ತಪ್ಪಿತ್ತು. ಗೇಣುದ್ದದ ವೈರ್ ಒಂದನ್ನು ಸೆಂಡರ್ ಸ್ಕ್ರೂವಿನಿಂದ ಬಾಡಿಗೆ ಎಳೆದೆ, ಮುಳ್ಳು ನಿಧಾನಕ್ಕೆ ಮೇಲೆದ್ದಿತು.

ನಿಜವಾಗಿಯೂ ಸೆಂಡರೇ ಕೆಟ್ಟಿದ್ದರೂ ಬಿಸಾಡುವ ಮುಂಚೆ ಓಮ್ ಅಳೆಯುವ ಮೀಟರ್ ಹಚ್ಚಿ ಫ್ಲೋಟಿನ ಕೈಯನ್ನು ಮೆಲ್ಲಗೆ ಎತ್ತಿ ಇಳಿಸಿ. ಓಮ್ ಲೆಕ್ಕ ನಯವಾಗಿ ಬದಲಾಗಬೇಕು. ನಡುವೆ ಒಂದು ಕಡೆ ಹಾರಿದರೆ ಅಲ್ಲಿ ತಂತಿ ಸವೆದಿದೆ ಅಥವಾ ಕೊಳೆ ಕೂತಿದೆ. ಕೊಳೆಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಮರಳು ಕಾಗದ ಮುಟ್ಟಿಸಬೇಡಿ. ನಾಲಿಗೆಯನ್ನು ಒಂದೆಳೆಯಷ್ಟು ಬಾಗಿಸಿ ಸವೆಯದ ಜಾಗದಲ್ಲಿ ಜಾರುವಂತೆ ಮಾಡಿದರೆ ಇನ್ನಷ್ಟು ಕಾಲ ಬರುತ್ತದೆ. ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಎಳನೀರಿನ ಹಾಗೆ ಕುಲುಕಿದರೆ ಒಳಗೆ ಪೆಟ್ರೋಲ್ ಹೊಕ್ಕಿದೆ, ಅದು ತೇಲುವುದಿಲ್ಲ. ಒಳಗೆ ತೊಟ್ಟು ಉಳಿದಿದ್ದರೂ ಸೋಲ್ಡರ್ ಮಾಡಲು ಹೋಗಬೇಡಿ, ಹೊಸ ಫ್ಲೋಟ್ ಹಾಕಿ.

ಮತ್ತೆ ಟ್ಯಾಂಕಿಗೆ ಇಳಿಸುವ ಮೊದಲು ಟ್ಯಾಂಕಿನ ಬಾಯಿ ಮುಚ್ಚಿ, ಉದ್ದ ವೈರ್ ಜೋಡಿಸಿ, ಸೆಂಡರನ್ನು ದೂರ ಹಿಡಿದು ಫ್ಲೋಟಿನ ಕೈ ಎತ್ತಿ. ಒಬ್ಬರು ಮುಂದಿನ ಸೀಟಿನಲ್ಲಿ ಕೂತು ಮುಳ್ಳು ನೋಡುತ್ತಾ ‘ಕಾಲು… ಅರ್ಧ… ಮುಕ್ಕಾಲು…’ ಅಂತ ಕೂಗಿ ಹೇಳಬೇಕು. ‘ಕಳುಹಿಸುವವರು’ ಅಂತ ಯಾರನ್ನಾದರೂ ಕರೆಯಲೇಬೇಕಿದ್ದರೆ ಅವರನ್ನು ಕರೆಯಿರಿ.